ಊಟ ಆಯ್ತಾ ಅಂದಮೇಲೆ ಏನು ಮಾತಾಡೋದು?

ಬೆಂಗಳೂರಿನಿಂದಲೋ ಪುಣೆಯಿಂದಲೋ ಡಲ್ಲಾಸ್‌ನಿಂದಲೋ ಊರಿನ ಮನೆಗೆ ಹೋಗುವ ಫೋನು ಸಾಮಾನ್ಯವಾಗಿ ಹೀಗಿರುತ್ತದೆ. ಊಟ ಆಯ್ತಾ? ಆಯ್ತು, ನಿಂದು? ಆಯ್ತು. ಏನ್ ಅಡುಗೆ? ಹುರುಳಿಕಾಯಿ ಪಲ್ಯ, ತಿಳಿಸಾರು. ಮಳೆ ಬಂತಾ? ನಾಲ್ಕು ಹನಿ ಹಾಕ್ತು. ಮತ್ತೆ? ಮತ್ತೇನಿಲ್ಲ, ನೀನೇ ಹೇಳ್ಬೇಕು. ನಂದೇನು, ಅದೇ ಆಫೀಸು. ಸರಿ, ಇಡ್ಲಾ? ಹೂಂ, ಇಡು. ಮೂರು ನಿಮಿಷದಲ್ಲಿ ಮುಗಿಯಿತು. ಇನ್ನೂ ಮಾತಾಡಬೇಕಿತ್ತು ಎಂದು ಎರಡೂ ಕಡೆಯವರಿಗೆ ಅನ್ನಿಸುತ್ತದೆ, ಏನು ಮಾತಾಡಬೇಕಿತ್ತು ಅನ್ನುವುದು ಮಾತ್ರ ಹೊಳೆಯುವುದಿಲ್ಲ.

ಹೀಗಾದಾಗ ಬೈಗುಳ ಬೀಳುವುದು ಊಟದ ಪ್ರಶ್ನೆಗೆ. ‘ನಮ್ಮಮ್ಮ ಬೇರೆ ಏನನ್ನೂ ಕೇಳೋದೇ ಇಲ್ಲ’ ಅನ್ನುವುದು ಊರು ಬಿಟ್ಟ ಮಕ್ಕಳ ಮಾಮೂಲಿ ದೂರು. ನನಗಂತೂ ಆ ಪ್ರಶ್ನೆಯ ಮೇಲೆ ತಕರಾರಿಲ್ಲ. ಪೆಸಿಫಿಕ್ ಸಾಗರದ ದ್ವೀಪವಾಸಿಗಳ ನಡುವೆ ವರ್ಷಗಟ್ಟಲೆ ಇದ್ದು ಬಂದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲೇ ಇದನ್ನು ಗುರುತಿಸಿದ್ದರು. ಜನ ಆಡುವ ಎಷ್ಟೋ ಮಾತಿನಲ್ಲಿ ಸುದ್ದಿ ಅನ್ನುವುದೇ ಇರುವುದಿಲ್ಲ, ನಾವು ನಾವು ಜೊತೆಗಿದ್ದೇವೆ ಎಂದು ತೋರಿಸಿಕೊಳ್ಳುವುದಷ್ಟೇ ಅದರ ಕೆಲಸ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮಥಿಯಾಸ್ ಮೆಹ್ಲ್ ಮತ್ತು ಸಂಗಡಿಗರು 79 ವಿದ್ಯಾರ್ಥಿಗಳ ಮೈಮೇಲೆ ಪುಟ್ಟ ರೆಕಾರ್ಡರ್ ಇಟ್ಟು ನಾಲ್ಕು ದಿನ ಅವರ ಮಾತಿನ ತುಣುಕುಗಳನ್ನು ಹಿಡಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ನೆಮ್ಮದಿಯಾಗಿದ್ದವರು ತಿರುಳಿರುವ ಮಾತು ಹೆಚ್ಚು ಆಡುತ್ತಿದ್ದರು, ಲೋಕಾಭಿರಾಮದ ಮಾತು ಕಡಿಮೆ ಆಡುತ್ತಿದ್ದರು. ಆದರೆ 2018ರಲ್ಲಿ ಇನ್ನೂ ದೊಡ್ಡ ಗುಂಪಿನ ಮಾಹಿತಿ ಇಟ್ಟುಕೊಂಡು ನೋಡಿದಾಗ ಮೊದಲ ಅರ್ಧ ಮಾತ್ರ ನಿಂತಿತು. ತಿರುಳಿರುವ ಮಾತಿನಿಂದ ಒಳ್ಳೆಯದಿದೆ, ಲೋಕಾಭಿರಾಮದಿಂದ ಕೆಡುಕೇನೂ ಕಾಣಲಿಲ್ಲ. ಆದ್ದರಿಂದ ಊಟ, ಮಳೆ, ಕರೆಂಟು, ಪಕ್ಕದ ಮನೆಯ ಹಸು ಎಲ್ಲವೂ ಇರಲಿ. ಅವು ಬಾಗಿಲು ತೆರೆಯುತ್ತವೆ. ನಾವು ಹೊಸಿಲಲ್ಲೇ ನಿಂತು ವಾಪಸ್ಸು ಬರುವುದು ತೊಂದರೆ.

ಎರಡನೇ ಪ್ರಶ್ನೆ

ನನ್ನ ಲೆಕ್ಕದಲ್ಲಿ ನಮ್ಮ ಮನೆಮಾತು ಸೊರಗುವುದು ಎರಡನೇ ಪ್ರಶ್ನೆ ಇಲ್ಲದೆ. ಮೊದಲ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಉತ್ತರ ಬಂದಮೇಲೆ, ಆ ಉತ್ತರದ ಒಳಗಿಂದಲೇ ಹೆಕ್ಕಿ ಕೇಳುವ ಇನ್ನೊಂದು ಪ್ರಶ್ನೆಯೇ ಕಾಣೆಯಾಗುವುದು.

ನವೆಂಬರ್ ತಿಂಗಳು. ನಿವೃತ್ತ ತಂದೆ ಫೋನಿನಲ್ಲಿ ಹೇಳುತ್ತಾರೆ, ‘ಇವತ್ತು ಬ್ಯಾಂಕಿಗೆ ಹೋಗಿದ್ದೆ, ಲೈಫ್ ಸರ್ಟಿಫಿಕೇಟ್ ಕೊಡೋಕೆ.’ ಮಗ ತಕ್ಷಣ, ‘ಯಾಕಪ್ಪಾ ಹೋದ್ರಿ? ಮೊಬೈಲಲ್ಲೇ ಮುಖ ತೋರಿಸಿ ಕೊಡಬಹುದು ಅಂತ ಹೋದ ವರ್ಷಾನೇ ಹೇಳಿದ್ನಲ್ಲ!’ ಅನ್ನುತ್ತಾನೆ. ಮಗ ಹೇಳಿದ್ದು ಸರಿ. ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ 2014ರಿಂದ ಇದೆ, ಮುಖ ಗುರುತಿಸಿ ಪ್ರಮಾಣಪತ್ರ ಕೊಡುವ ಸೌಲಭ್ಯವೂ ಬಂದಿದೆ. ಆದರೆ ಅಪ್ಪ ಬ್ಯಾಂಕಿಗೆ ಹೋದದ್ದು ಬರೀ ಸರ್ಟಿಫಿಕೇಟಿಗಲ್ಲ. ಪಿಂಚಣಿ ತೆಗೆದುಕೊಳ್ಳುವ ಹಳೆಯ ಸಹೋದ್ಯೋಗಿಗಳೆಲ್ಲ ವರ್ಷಕ್ಕೊಮ್ಮೆ ಸಿಗುವ ಜಾಗ ಅದು. ಈ ಸಲ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಅನ್ನುವುದು ಅವರ ತಲೆಯಲ್ಲಿ ಸುತ್ತುತ್ತಿದೆ. ‘ಯಾರ್ಯಾರು ಸಿಕ್ಕಿದ್ರು?’ ಎಂದು ಕೇಳಿದ್ದರೆ ಹತ್ತು ನಿಮಿಷದ ಮಾತು ಇತ್ತು. ಅದರಲ್ಲಿ ಅವರ ಭಯವೂ ಒಂದಿಷ್ಟು ಹೊರಗೆ ಬರುತ್ತಿತ್ತು. ಮೊಬೈಲಿನ ವಿಷಯ ಬೇಕಿದ್ದರೆ ಕೊನೆಗೆ ಹೇಳಬಹುದಿತ್ತು.

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಅಪರಿಚಿತರ ಹರಟೆಯನ್ನೂ, ಗಂಡು-ಹೆಣ್ಣು ಕೆಲವೇ ನಿಮಿಷ ಎದುರು ಕೂತು ಮಾತಾಡುವ ಭೇಟಿಗಳನ್ನೂ ಪರಿಶೀಲಿಸಿದ್ದರು. ಹೆಚ್ಚು ಪ್ರಶ್ನೆ ಕೇಳಿದವರು, ಅದರಲ್ಲೂ ಎದುರಿನವರು ಈಗಷ್ಟೇ ಹೇಳಿದ್ದನ್ನು ಹಿಡಿದು ಮುಂದಿನ ಪ್ರಶ್ನೆ ಕೇಳಿದವರು, ಹೆಚ್ಚು ಇಷ್ಟವಾದರು. ಕಾರಣ ಸರಳ. ಅಂಥ ಪ್ರಶ್ನೆಯನ್ನು ಮೊದಲೇ ತಯಾರು ಮಾಡಿಟ್ಟುಕೊಳ್ಳಲು ಆಗುವುದಿಲ್ಲ, ಕಿವಿಗೊಟ್ಟು ಕೇಳಿದ್ದರೆ ಮಾತ್ರ ಅದು ಹುಟ್ಟುತ್ತದೆ.

ಈ ಕಲೆಯನ್ನು ನೋಡಿ ಕಲಿಯಬೇಕೆಂದರೆ ಕರಾವಳಿ-ಮಲೆನಾಡಿನ ಒಂದು ಒಳ್ಳೆಯ ತಾಳಮದ್ದಳೆಗೆ ಹೋಗಿ ಕೂತುಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರ ಪದ್ಯ ಮುಗಿದಮೇಲೆ ಅರ್ಥಧಾರಿಗಳು ಅಲ್ಲೇ ಮಾತು ಕಟ್ಟಬೇಕು. ನುರಿತವರು ಎದುರಾಳಿ ಆಡಿದ ಮಾತಿನ ಎಳೆಯನ್ನೇ ಎತ್ತಿಕೊಂಡು ಅಲ್ಲಿಂದ ತಮ್ಮ ಮಾತು ಶುರುಮಾಡುತ್ತಾರೆ. ತನ್ನ ಪಾಠ ಒಪ್ಪಿಸುವುದರಲ್ಲೇ ಮುಳುಗಿದವರನ್ನು ಸಭೆ ಕ್ಷಣದಲ್ಲಿ ಗುರುತಿಸುತ್ತದೆ. ಅಲ್ಲಿ ಎಳೆ ಹಿಡಿಯುವುದು ಬಹುಪಾಲು ಗೆಲ್ಲುವುದಕ್ಕೆ. ಮನೆಯಲ್ಲಿ ಆ ಭಾಗ ಬಿಟ್ಟುಬಿಡಿ.

ಎರಡನೇ ಪ್ರಶ್ನೆಗೆ ಒಂದು ಎಚ್ಚರಿಕೆ: ಅದು ‘ಯಾಕೆ’ಯಿಂದ ಶುರುವಾಗದಿದ್ದರೆ ಒಳ್ಳೆಯದು. ‘ಯಾಕೆ ಹೋದೆ’, ‘ಯಾಕೆ ತಿನ್ನಲಿಲ್ಲ’, ‘ಯಾಕೆ ಹೇಳಲಿಲ್ಲ’ ಇವೆಲ್ಲ ಠಾಣೆಯ ವಿಚಾರಣೆಯ ಹಾಗೆ ಕೇಳಿಸುತ್ತವೆ, ಎದುರಿನವರು ಸಮಜಾಯಿಷಿ ಕೊಡಲು ತೊಡಗುತ್ತಾರೆ. ‘ಆಮೇಲೇನಾಯ್ತು?’, ‘ಅವರು ಏನಂದ್ರು?’, ‘ನಿಂಗೆ ಹೇಗನ್ನಿಸ್ತು?’ ಇವು ಕಥೆಯನ್ನು ಮುಂದಕ್ಕೆ ತಳ್ಳುತ್ತವೆ. ಇದು ಹೆತ್ತವರಿಗೂ ಅನ್ವಯ. ಮದುವೆ ಯಾವಾಗ, ಮಗು ಯಾವಾಗ, ಸೈಟು ಯಾವಾಗ ಅನ್ನುವ ಮೂರು ಪ್ರಶ್ನೆಗಳಿಗೆ ಹೆದರಿಯೇ ಎಷ್ಟೋ ಮಕ್ಕಳು ಭಾನುವಾರದ ಫೋನನ್ನು ಸೋಮವಾರಕ್ಕೆ ತಳ್ಳುತ್ತಾರೆ. ಉತ್ತರ ಸಿಕ್ಕಾಗ ಮಕ್ಕಳೇ ಓಡಿಬಂದು ಹೇಳುವ ವಿಷಯ ಅವು. ಅಲ್ಲಿಯವರೆಗೆ ಮಗಳ ಹೊಸ ಮ್ಯಾನೇಜರ್ ಹೇಗಿದ್ದಾರೆ, ಜೊತೆಯಲ್ಲಿರುವ ಹುಡುಗಿ ಯಾವ ಊರಿನವಳು, ದಿನಾ ಯಾವ ದಾರಿಯಲ್ಲಿ ಆಫೀಸಿಗೆ ಹೋಗುತ್ತಾಳೆ ಎಂದು ಕೇಳಿ ನೋಡಿ.

ಪರಿಹಾರ ಕೊಡುವ ಚಟ

ನಮ್ಮಲ್ಲಿ ಪ್ರೀತಿ ತೋರಿಸುವುದೆಂದರೆ ಸಲಹೆ ಕೊಡುವುದು. ಅಮ್ಮ ‘ಮಂಡಿನೋವು ಜಾಸ್ತಿಯಾಗಿದೆ ಕಣೋ’ ಅಂದರೆ ಮಗ ಮೂಳೆ ಡಾಕ್ಟರ ನಂಬರು ಕಳಿಸುತ್ತಾನೆ. ಮಗಳು ‘ಆಫೀಸಲ್ಲಿ ಬೇಜಾರಾಗ್ತಿದೆ’ ಅಂದರೆ ಅಪ್ಪ ‘ಅಡ್ಜಸ್ಟ್ ಮಾಡ್ಕೋಬೇಕಮ್ಮ, ನಾವೇನು ಕಮ್ಮಿ ಕಷ್ಟಪಟ್ವಾ’ ಅನ್ನುತ್ತಾರೆ. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಮಾತು ಅಲ್ಲಿಗೆ ಕಡಿದುಬೀಳುತ್ತದೆ. ಮುಂದಿನ ಸಲ ಅಮ್ಮ ಮಂಡಿಯ ವಿಷಯ ಎತ್ತುವುದಿಲ್ಲ, ಮಗಳು ಆಫೀಸಿನದು.

ಸುಲಭದ ದಾರಿ ನೇರವಾಗಿ ಕೇಳಿಬಿಡುವುದು. ‘ನಾನು ಏನಾದ್ರೂ ಮಾಡ್ಬೇಕಾ ಅಮ್ಮ, ಇಲ್ಲಾ ಸುಮ್ನೆ ಹೇಳ್ಕೊತಿದೀಯಾ?’ ಮೊದಲ ಸಲ ಇದು ನಾಟಕದ ಮಾತಿನಂತೆ ಅನ್ನಿಸಿ ಅಮ್ಮ ನಕ್ಕುಬಿಡಬಹುದು. ಎರಡು ಮೂರು ಸಲ ಆದಮೇಲೆ ಅವರೇ ‘ಏನೂ ಮಾಡ್ಬೇಡ, ಕೇಳಿಸ್ಕೋ ಸಾಕು’ ಎಂದು ಶುರುಮಾಡುತ್ತಾರೆ. ಕೇಳಿಸಿಕೊಳ್ಳುವಾಗ ‘ಮೆಟ್ಟಿಲು ಹತ್ತುವಾಗ್ಲಾ, ಇಳಿಯುವಾಗ್ಲಾ?’, ‘ರಾತ್ರಿ ನಿದ್ದೆ ಬರುತ್ತಾ?’ ಎನ್ನುವಂಥ ಸಣ್ಣ ಪ್ರಶ್ನೆಗಳು ಸಾಕು. ಡಾಕ್ಟರ ನಂಬರು ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಎದೆನೋವು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಇಂಥದ್ದೇನಾದರೂ ಕಿವಿಗೆ ಬಿದ್ದರೆ ಈ ನಿಯಮ ನಡೆಯದು. ಅಲ್ಲಿ ಕೇಳುತ್ತ ಕೂರಬೇಡಿ, 108ಕ್ಕೆ ಕರೆಮಾಡಿಸಿ.

ಸಿಹಿಸುದ್ದಿಗೆ ಏನು ಹೇಳುತ್ತೇವೆ

ಕಷ್ಟದಲ್ಲಿ ಜೊತೆಗಿರುವುದು ನಮಗೆ ಗೊತ್ತು. ಸುಖದ ಸುದ್ದಿಗೆ ಹೇಗೆ ಉತ್ತರಿಸಬೇಕು ಎಂಬುದರಲ್ಲಿ ನಮ್ಮ ಮನೆಗಳು ತೀರಾ ಬಡವು. ಮನಶ್ಶಾಸ್ತ್ರಜ್ಞೆ ಷೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಕೆಲಸ ಈ ಬಗೆಗಿನದು. ಹತ್ತಿರದವರು ಒಳ್ಳೆಯ ಸುದ್ದಿ ತಂದಾಗ ನಾವು ನಾಲ್ಕು ಬಗೆಯಲ್ಲಿ ಉತ್ತರಿಸಬಹುದು ಎನ್ನುತ್ತಾರೆ ಅವರು: ಉತ್ಸಾಹದಿಂದ ವಿವರ ಕೇಳುವುದು, ಮೆಲ್ಲಗೆ ‘ಒಳ್ಳೇದು’ ಅಂದು ಬಿಡುವುದು, ಅದರಲ್ಲಿ ಕೊಂಕು ಹುಡುಕುವುದು, ಕೇಳಿಸಿಯೇ ಇಲ್ಲವೆಂಬಂತೆ ಬೇರೆ ಮಾತಿಗೆ ಹೋಗುವುದು. ಸಂಬಂಧ ಚೆನ್ನಾಗಿರುವುದಕ್ಕೂ ಉತ್ತರಕ್ಕೂ ನಂಟು ಕಂಡುಬಂದದ್ದು ಮೊದಲನೆಯ ಬಗೆಯಲ್ಲಿ ಮಾತ್ರ.

ನಮ್ಮ ಪಾಡು ನೋಡಿ. ಮಗಳು ‘ಅಮ್ಮ, ಪ್ರಮೋಷನ್ ಆಯ್ತು’ ಅನ್ನುತ್ತಾಳೆ. ‘ಹೌದಾ, ಒಳ್ಳೇದಾಯ್ತು. ಇನ್ನೂ ಲೇಟಾಗಿ ಮನೆಗೆ ಬರ್ತೀಯಾ ಹಾಗಾದ್ರೆ?’ ಇದರಲ್ಲಿ ಅಸೂಯೆ ಇಲ್ಲ, ಕಾಳಜಿಯೇ ಇರುವುದು. ಜೊತೆಗೆ ದೃಷ್ಟಿಯ ಭಯ ಬೇರೆ. ಮಕ್ಕಳನ್ನು ಎದುರಿಗೆ ಹೊಗಳಿದರೆ ಕಣ್ಣು ತಾಗುತ್ತದೆ, ತಲೆ ತಿರುಗುತ್ತದೆ ಎಂದು ಬೆಳೆದ ತಲೆಮಾರು ಅದು. ಇದೇ ಅಮ್ಮ ಅದೇ ಸಂಜೆ ನಾಲ್ಕು ಮನೆಗೆ ಹೋಗಿ ಆ ಸುದ್ದಿಯನ್ನು ಸಂಭ್ರಮದಿಂದ ಹೇಳಿ ಬಂದಿರುತ್ತಾರೆ, ಮಗಳಿಗೆ ಮಾತ್ರ ಅದು ಗೊತ್ತಿಲ್ಲ. ದೃಷ್ಟಿ ತೆಗೆಯುವುದಿದ್ದರೆ ಫೋನಿಟ್ಟ ಮೇಲೆ ತೆಗೆಯಿರಿ. ಫೋನಿನಲ್ಲಿ ‘ಯಾರು ಹೇಳಿದ್ರು, ಹೇಗೆ ಹೇಳಿದ್ರು, ಆಗ ನೀನೇನು ಮಾಡ್ತಿದ್ದೆ?’ ಎಂದು ಕೇಳಿ. ಮಗಳು ಆ ಗಳಿಗೆಯನ್ನು ಇನ್ನೊಮ್ಮೆ ಅನುಭವಿಸಿ ಹೇಳುತ್ತಾಳೆ, ಈ ಸಲ ನಿಮ್ಮ ಜೊತೆಗೆ.

ಮಕ್ಕಳೂ ಇದನ್ನು ತಿರುಗಿಸಿ ಕೊಡಬೇಕು. ಅಮ್ಮನ ಭಜನಾ ಮಂಡಳಿ ಊರ ಹಬ್ಬದಲ್ಲಿ ಹಾಡಿತು, ಅಪ್ಪ ಹಾಕಿದ ಕರಿಬೇವಿನ ಗಿಡ ಚಿಗುರಿತು ಅನ್ನುವುದು ಆ ಮನೆಯ ಪ್ರಮೋಷನ್ನು. ‘ಓ ಸೂಪರ್’ ಎಂದು ಹೇಳಿ ಲ್ಯಾಪ್‌ಟಾಪ್ ಕಡೆ ತಿರುಗಿದರೆ ಆ ಕಡೆಯವರಿಗೆ ದನಿಯಲ್ಲೇ ಗೊತ್ತಾಗುತ್ತದೆ.

ಅಪ್ಪನ ಜೊತೆ

‘ತಗೋ, ಅಪ್ಪನ ಹತ್ರ ಮಾತಾಡು.’ ‘ಹಾಂ, ಏನಪ್ಪಾ, ಆರಾಮಾ? ಸರಿ, ತಗೋ, ಅಮ್ಮನಿಗೆ ಕೊಡ್ತೀನಿ.’ ಕರ್ನಾಟಕದ ಅಪ್ಪಂದಿರ ಫೋನ್ ಸಂಭಾಷಣೆಯ ಬಹುಪಾಲು ಇಷ್ಟೇ. ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’. ಆ ದೂರ ಫೋನಿನಲ್ಲೂ ಉಳಿದುಕೊಂಡಿದೆ. ಅವರನ್ನು ಕೂರಿಸಿ ‘ನಿಮ್ಮ ಮನಸ್ಸಿನಲ್ಲಿ ಏನಿದೆ ಹೇಳಿ’ ಎಂದರೆ ಗಾಬರಿಯಾಗುತ್ತಾರೆ. ಅಪ್ಪಂದಿರ ಜೊತೆ ಕೆಲಸದ ಮೂಲಕ ಹೋಗಬೇಕು. ಅವರಿಗೆ ಗೊತ್ತಿರುವ, ನಿಮಗೆ ನಿಜವಾಗಿ ಗೊತ್ತಿಲ್ಲದ ಏನನ್ನಾದರೂ ಕೇಳಿ. ಈ ವಾರದ ಅಡಿಕೆ ಧಾರಣೆ ಎಷ್ಟು, ತೋಟಕ್ಕೆ ಎಷ್ಟು ಇಂಚು ಮಳೆ ಬಂತು, ಬಾಡಿಗೆ ಕರಾರುಪತ್ರದ ಈ ಸಾಲಿನ ಅರ್ಥವೇನು, ನಲ್ಲಿ ಸೋರುತ್ತಿದೆ ವಾಷರ್ ಹೇಗೆ ಬದಲಿಸುವುದು. ಯೂಟ್ಯೂಬ್‌ನಲ್ಲಿ ಸಿಗುತ್ತದೆ ನಿಜ. ಆದರೂ ಅಪ್ಪನನ್ನು ಕೇಳಿ. ಅವರಿಗೇ ಬೇರೆಯಾಗಿ ಫೋನ್ ಮಾಡಿ, ಅಮ್ಮನ ಫೋನಿನ ಬಾಲಕ್ಕೆ ಅವರನ್ನು ಕಟ್ಟಬೇಡಿ. ಊರಿಗೆ ಹೋದಾಗ ಎದುರುಬದುರು ಕೂರುವುದಕ್ಕಿಂತ ಸ್ಕೂಟರಿನಲ್ಲೋ ತೋಟದ ದಾರಿಯಲ್ಲೋ ಅಕ್ಕಪಕ್ಕ ಇರುವಾಗ ಅವರು ಬಾಯಿ ಬಿಡುತ್ತಾರೆ.

ಹಳೆಯ ಪಾತ್ರೆ ಕೇಳಿ ನೋಡಿ

ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ 1997ರಲ್ಲಿ ಪ್ರಕಟಿಸಿದ 36 ಪ್ರಶ್ನೆಗಳ ಪಟ್ಟಿ ಪ್ರಸಿದ್ಧ. ಅಪರಿಚಿತರು ಮುಕ್ಕಾಲು ಗಂಟೆ ಒಬ್ಬರನ್ನೊಬ್ಬರು ಕೇಳುತ್ತ ಹೋಗುವ ಆ ಪ್ರಶ್ನೆಗಳು ಮೆಲ್ಲಮೆಲ್ಲನೆ ಆಳಕ್ಕಿಳಿಯುತ್ತವೆ, ಕೊನೆಗೆ ಇಬ್ಬರಿಗೂ ಒಂದು ಬಗೆಯ ಆಪ್ತತೆ ಹುಟ್ಟುತ್ತದೆ. ಆ ಪಟ್ಟಿಯನ್ನು ಮೊಬೈಲಿಗೆ ಇಳಿಸಿಕೊಂಡು ಅಮ್ಮನ ಮುಂದೆ ಕೂತರೆ ‘ನಿಂಗೆ ಹುಷಾರಿದ್ಯಾ?’ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಅದರಲ್ಲಿ ನಾವು ತೆಗೆದುಕೊಳ್ಳಬೇಕಾದದ್ದು ಎರಡೇ: ಹಗುರದಿಂದ ಶುರುಮಾಡಿ ನಿಧಾನವಾಗಿ ಇಳಿಯುವುದು, ಇಬ್ಬರೂ ಸರದಿಯ ಮೇಲೆ ಹೇಳುವುದು. ಒಬ್ಬರೇ ಕೇಳುತ್ತ ಹೋದರೆ ಅದು ಸಂದರ್ಶನವಾಗುತ್ತದೆ.

ನಮ್ಮ ಮನೆಗಳಲ್ಲಿ ಇಂಥ ಮಾತಿಗೆ ದಾರಿ ವಸ್ತುಗಳ ಮೂಲಕ. ಅಡುಗೆಮನೆಯ ಸ್ಟೀಲ್ ಪಾತ್ರೆಗಳನ್ನು ತಿರುಗಿಸಿ ನೋಡಿ, ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದಿರುತ್ತಾರೆ: ಕೊಟ್ಟವರದು, ತಾರೀಕು, ಮದುವೆಯೋ ಗೃಹಪ್ರವೇಶವೋ. ‘ಇವರು ಯಾರಮ್ಮ?’ ಎಂದು ಕೇಳಿ. ಎಂದೂ ಕೇಳಿರದ ಒಬ್ಬ ಗೆಳತಿ, ಬಿಟ್ಟುಹೋದ ಒಂದು ನೆಂಟಸ್ತಿಕೆ, ಮದುವೆ ಮನೆಯಲ್ಲಿ ನಡೆದ ಒಂದು ಜಗಳ ಹೊರಬರಬಹುದು. ದೂರದಲ್ಲಿರುವವರು ಆಲ್ಬಮ್ಮಿನ ಒಂದು ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ‘ಎಡಗಡೆ ನಿಂತಿರೋರು ಯಾರು?’ ಎಂದು ಕೇಳಿದರೂ ಸಾಕು. ಗೊಜ್ಜಿನ ಅಳತೆ ಕೇಳುವುದೂ ನಡೆಯುತ್ತದೆ, ಆದರೆ ಪಾತ್ರೆಯಷ್ಟು ದೂರ ಹೋಗುವುದಿಲ್ಲ.

ಇದೆಲ್ಲ ದನಿಯಲ್ಲಿ ಆಗಬೇಕು. 2021ರಲ್ಲಿ ಪ್ರಕಟವಾದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅವರ ಅಧ್ಯಯನದಲ್ಲಿ ಹಳೆಯ ಗೆಳೆಯರನ್ನು ಮತ್ತೆ ಸಂಪರ್ಕಿಸಬೇಕಿದ್ದವರು ಫೋನಿನಲ್ಲಿ ಮಾತಾಡಿದರೆ ಮುಜುಗರವಾದೀತು ಎಂದುಕೊಂಡಿದ್ದರು. ಮಾತಾಡಿದಮೇಲೆ ನೋಡಿದರೆ ಇ-ಮೇಲ್ ಬರೆದವರಿಗಿಂತ ಅವರಿಗೆ ಹೆಚ್ಚು ಮುಜುಗರವೇನೂ ಆಗಿರಲಿಲ್ಲ, ಆಪ್ತತೆ ಮಾತ್ರ ಹೆಚ್ಚಾಗಿತ್ತು. ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಬೀಳುವ ಹೂವಿನ ಚಿತ್ರದ ಶುಭೋದಯ ಹಾಜರಿ ಪುಸ್ತಕಕ್ಕೆ ಹಾಕಿದ ಸಹಿ ಅಷ್ಟೆ.

ಹೊತ್ತು ಮತ್ತು ತಡ

ಎಸ್‌ಟಿಡಿ ಬೂತಿನ ಕಾಲ ನೆನಪಿರುವವರಿಗೆ ಗೊತ್ತು, ರಾತ್ರಿ 11ರ ನಂತರ ಕಾಲು ದರ ಎಂದು ಕಾದು ನಿಂತು, ಮೀಟರಿನ ಅಂಕಿ ಓಡುವುದನ್ನು ನೋಡುತ್ತ ಮಾತಾಡುತ್ತಿದ್ದೆವು. 2016ರಲ್ಲಿ ಜಿಯೊ ಬಂದಮೇಲೆ ಮಾತಿಗೆ ನಿಮಿಷದ ಲೆಕ್ಕ ಹೋಯಿತು. ಈಗ ತರಕಾರಿ ತರುತ್ತ, ಟ್ರಾಫಿಕ್ಕಿನಲ್ಲಿ ನಿಂತು, ಲಿಫ್ಟಿನೊಳಗೆ ಹೋಗುವ ಮುಂಚೆ ಎಂದು ಉಳಿದ ಚೂರುಪಾರು ಹೊತ್ತನ್ನು ಮನೆಯ ಫೋನಿಗೆ ಕೊಡುತ್ತೇವೆ. ದಿನಾ ಮಾಡುವ ಆ ಎರಡು ನಿಮಿಷ ಇರಲಿ. ವಾರಕ್ಕೊಮ್ಮೆ ಮಾತ್ರ ಕೂತು ಮಾತಾಡುವ ಒಂದು ಹೊತ್ತು ಗೊತ್ತುಮಾಡಿ. ಅಮ್ಮನ ಧಾರಾವಾಹಿಯ ಸಮಯ ತಪ್ಪಿಸಿ, ಇಲ್ಲದಿದ್ದರೆ ಅರ್ಧ ಕಿವಿ ಅಲ್ಲೇ ಇರುತ್ತದೆ. ಅಮೆರಿಕದಲ್ಲಿರುವವರು ಗಡಿಯಾರ ಬದಲಾಗುವುದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಡಲ್ಲಾಸ್‌ನ ಶನಿವಾರ ರಾತ್ರಿ 9 ಗಂಟೆ ಬೇಸಗೆಯಲ್ಲಿ ನಮಗೆ ಭಾನುವಾರ ಬೆಳಿಗ್ಗೆ 7.30, ನವೆಂಬರಿನ ಮೊದಲ ಭಾನುವಾರದಿಂದ ಮಾರ್ಚಿನ ಎರಡನೇ ಭಾನುವಾರದವರೆಗೆ 8.30. ಹೇಳದಿದ್ದರೆ ಅಪ್ಪ ಒಂದು ಗಂಟೆ ಸುಮ್ಮನೆ ಫೋನ್ ಹಿಡಿದು ಕೂತಿರುತ್ತಾರೆ.

ದೂರದ ಕರೆಯಲ್ಲಿ ಇನ್ನೊಂದು ಕಣ್ಣಿಗೆ ಕಾಣದ ತೊಡಕಿದೆ. 2009ರಲ್ಲಿ ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದು ನೋಡಿದಾಗ, ಒಬ್ಬರ ಮಾತು ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ ಮಾತ್ರ ಎಂದು ತಿಳಿಯಿತು. ಕನ್ನಡ ಆ ಹತ್ತರಲ್ಲಿಲ್ಲ, ಆದರೆ ನಾವೇನೂ ನಿಧಾನದವರಲ್ಲ. ಈ ವೇಗಕ್ಕೆ ಒಗ್ಗಿದ ಕಿವಿಗೆ ಇಂಟರ್ನೆಟ್ ಕರೆಯ ತಡ ‘ಹಿಂಜರಿಕೆ’ಯಾಗಿ ಕೇಳಿಸುತ್ತದೆ. ಜರ್ಮನಿಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಂಪರ್ಕ ಒಂದು ಸೆಕೆಂಡು ಚಿಲ್ಲರೆ ತಡವಾದಾಗ ಜನ ಎದುರಿನವರನ್ನೇ ಗಮನವಿಲ್ಲದವರು ಎಂದು ಭಾವಿಸಿದರು. ‘ಅಲ್ಲಿಗೆ ಬರ್ಲಾ?’ ಎಂದು ಅಮ್ಮ ಕೇಳಿ, ಒಂದು ಸೆಕೆಂಡು ಮೌನವಾಗಿ, ಆಮೇಲೆ ‘ಬಾಮ್ಮ’ ಎಂದು ಕೇಳಿಸಿದರೆ ಮನಸ್ಸು ಮುದುಡುವುದು ಸಹಜ. ತಪ್ಪು ನೆಟ್‌ವರ್ಕಿನದು. ಒಮ್ಮೆ ಇದನ್ನು ಮನೆಯವರಿಗೆ ವಿವರಿಸಿ, ಗಂಭೀರ ಮಾತಿದ್ದಾಗ ವಿಡಿಯೊ ಆರಿಸಿ ಬರೀ ದನಿಯಲ್ಲಿ ಮಾತಾಡಿ. ಸ್ಪೀಕರ್ ಹಾಕಿದ್ದರೆ ಹಾಕಿದ್ದೇವೆ ಎಂದು ಮೊದಲೇ ಹೇಳುವುದು ಮರ್ಯಾದೆ. ಪಕ್ಕದಲ್ಲಿ ಚಿಕ್ಕಮ್ಮ ಕೂತಿದ್ದಾರೆ ಎಂದು ಆಮೇಲೆ ತಿಳಿದರೆ ಮುಂದಿನ ಫೋನಿನಲ್ಲಿ ಮಗಳು ಏನೂ ಹೇಳುವುದಿಲ್ಲ.

ಮುಗಿಸುವ ಹೊತ್ತಿಗೆ ಅವಸರ ಬೇಡ. 2021ರ ಒಂದು ಅಧ್ಯಯನ ನೂರಾರು ಸಂಭಾಷಣೆಗಳನ್ನು ನೋಡಿದಾಗ, ಇಬ್ಬರೂ ಬಯಸಿದ ಹೊತ್ತಿಗೇ ಮುಗಿದದ್ದು ಶೇಕಡ 2ರಷ್ಟು ಮಾತ್ರ. ನಮ್ಮಲ್ಲಂತೂ ನೆಂಟರು ಹೊರಟು ಚಪ್ಪಲಿ ಮೆಟ್ಟಿ ಗೇಟಿನ ಬಳಿ ನಿಂತಮೇಲೆ ನಿಜವಾದ ಮಾತು ಶುರುವಾಗುತ್ತದೆ. ಫೋನಿನಲ್ಲೂ ‘ಇಡ್ತೀನಿ’ ಅಂದಮೇಲೆ ‘ಅಂದಹಾಗೆ...’ ಎಂದು ಬರುತ್ತದಲ್ಲ, ಮಾತಾಡಬೇಕೆಂದು ಇಟ್ಟುಕೊಂಡಿದ್ದ ವಿಷಯ ಅದೇ. ಅದಕ್ಕೆಂದೇ ಐದು ನಿಮಿಷ ಕೈಯಲ್ಲಿ ಉಳಿಸಿಕೊಂಡಿರಿ.

ಎಲ್ಲ ಆರಾಮ, ಕಿವಿಯೊಂದು ಬಿಟ್ಟು

ಎರಡೂ ಕಡೆ ಬಚ್ಚಿಡುವ ಆಟ ಬೇರೆ ನಡೆಯುತ್ತಿರುತ್ತದೆ. ಮಗನ ಕೆಲಸ ಹೋಗಿ ತಿಂಗಳಾಗಿದೆ, ಊರಿನಲ್ಲಿ ಗೊತ್ತಿಲ್ಲ. ಅಪ್ಪನಿಗೆ ಆಂಜಿಯೊಗ್ರಾಂ ಆಗಿದೆ, ಮಗನಿಗೆ ಗೊತ್ತಿಲ್ಲ. ‘ಗಾಬರಿಯಾಗ್ಬಾರ್ದು ಅಂತ ಹೇಳ್ಲಿಲ್ಲ’ ಅನ್ನುವ ಮಾತು ಆಮೇಲೆ ಎರಡು ಕಡೆಯಿಂದಲೂ ಬರುತ್ತದೆ. ಒಂದು ಕರಾರು ಮಾಡಿಕೊಳ್ಳಿ: ಆಸ್ಪತ್ರೆಯ ವಿಷಯವನ್ನು ಅವತ್ತೇ ಹೇಳುವುದು, ಯಾರೂ ಯಾರನ್ನೂ ಅದಕ್ಕೆ ಬೈಯದಿರುವುದು. ಉಳಿದ ದಿನಗಳಲ್ಲಿ ‘ಎಲ್ಲ ಆರಾಮ’ದ ಬದಲು ನಿರ್ದಿಷ್ಟವಾದ ಒಂದು ಸಣ್ಣ ಸಂಗತಿ ಹೇಳಿ. ಕ್ಯಾಂಟೀನಿನಲ್ಲಿ ಚಿತ್ರಾನ್ನಕ್ಕೆ ಸಕ್ಕರೆ ಹಾಕಿದ್ದರು ಎಂಬುದೂ ಆದೀತು. ಅದನ್ನು ಹಿಡಿದು ಎರಡನೇ ಪ್ರಶ್ನೆ ಕೇಳಲು ಅವರಿಗೊಂದು ಎಳೆ ಸಿಗುತ್ತದೆ.

ಇನ್ನು, ಮನೆಯ ಹಿರಿಯರು ಈಚೆಗೆ ಮಾತೇ ಕಡಿಮೆ ಮಾಡಿದ್ದರೆ, ‘ಹೂಂ ಹೂಂ’ ಎಂದು ಹೊಂದಿಕೆಯಿಲ್ಲದ ಉತ್ತರ ಕೊಡುತ್ತಿದ್ದರೆ, ಟಿವಿಯ ಸದ್ದು ಏರುತ್ತಲೇ ಹೋಗಿದ್ದರೆ, ಮೇಲೆ ಹೇಳಿದ ಯಾವುದನ್ನೂ ಮಾಡುವ ಮುಂಚೆ ಅವರ ಕಿವಿ ತೋರಿಸಿ. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ವರಗಳ ಕೇಳುವಿಕೆ. ದನಿ ಕೇಳಿಸುತ್ತದೆ, ಆದರೆ ‘ಸ’, ‘ಶ’, ‘ಕ’, ‘ತ’ದಂಥ ವ್ಯಂಜನಗಳು ಜಾರಿಹೋಗಿ ಪದ ತಿಳಿಯುವುದಿಲ್ಲ. ಸರಿಯಾಗಿ ಕೇಳಿಸದೆ ಉತ್ತರ ತಪ್ಪಿ, ನಾಲ್ಕು ಜನ ನಕ್ಕರೆ ಅವರು ಮಾತಿನಿಂದಲೇ ಹಿಂದೆ ಸರಿಯುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೆಂದೇ ಇರುವುದು. ಹತ್ತಿರದ ದೊಡ್ಡ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲೂ ಕೇಳಿ ನೋಡಬಹುದು. ಅವರ ಜೊತೆ ಮಾತಾಡುವಾಗ ಕಿರುಚಬೇಡಿ, ಕಿರುಚಿದರೆ ದನಿ ಒಡೆದು ಇನ್ನಷ್ಟು ಅಸ್ಪಷ್ಟವಾಗುತ್ತದೆ. ಮುಖ ಕಾಣುವಂತೆ ಕೂತು, ಟಿವಿ ಆರಿಸಿ, ಒಂದು ಸಲಕ್ಕೆ ಒಬ್ಬರೇ, ನಿಧಾನವಾಗಿ ಹೇಳಿ. ಎರಡು ಸಲ ಹೇಳಿದರೂ ತಿಳಿಯದಿದ್ದರೆ ಅದೇ ವಾಕ್ಯವನ್ನು ಕೂಗುವ ಬದಲು ಬೇರೆ ಪದ ಹಾಕಿ ಹೇಳಿ. ‘ಏನಂದೆ?’ ಎಂದು ಅವರು ಮೂರನೇ ಸಲ ಕೇಳಿದಾಗ ‘ಏನಿಲ್ಲ ಬಿಡು’ ಎಂದು ಮಾತ್ರ ಹೇಳಬೇಡಿ.